ಚಿತ್ರದ ಎಡಬದಿ

ಮೃಣಾಲಿನಿ ಚಿತ್ರದಿಂದ ಹಿಂದೆ ಸರಿದು ನೋಡಿದರು, ಮತ್ತೆ ಹತ್ತಿರ ಹೋದರು. ನಾಗಪುರದ ಸದರ್ ಬಡಾವಣೆಯ ಸಣ್ಣ ಸಭಾಂಗಣದಲ್ಲಿ ಅವರು ಕಲಿಸುವ ಚಿತ್ರಕಲೆ ತರಗತಿಯ ವಯಸ್ಸಾದ ವಿದ್ಯಾರ್ಥಿಗಳ ತೈಲಚಿತ್ರಗಳನ್ನು ತೂಗುಹಾಕಿದ್ದರು. ಜನ ಹೆಚ್ಚು ಹೊತ್ತು ನಿಂತದ್ದು ಕಾಶೀನಾಥರ ಚಿತ್ರದ ಮುಂದೆ. ಸಂಜೆಯ ಸೀತಾಬರ್ಡಿ ಪೇಟೆ: ಬಟ್ಟೆಯಂಗಡಿಗಳ ಸಾಲು, ಆಟೋಗಳ ಕೆಂಪು ದೀಪ, ಮೇಲೆ ಮೆಟ್ರೋ ಸೇತುವೆಯ ಕಪ್ಪು ಗೆರೆ. ಪ್ರತಿ ದೀಪದ ಸುತ್ತಲೂ ಕಾಮನಬಿಲ್ಲಿನ ಬಣ್ಣದ ಮಸುಕು ಬಳೆ. ಬದಿಗಳತ್ತ ಹೋದಂತೆ ಎಲ್ಲವೂ ಕಂದು ಕತ್ತಲೆಯಲ್ಲಿ ಕರಗಿತ್ತು.

ಇಂಥ ಮಬ್ಬು ತನ್ನ ಕೈಗೂ ದಕ್ಕಿಲ್ಲ ಎಂದು ಮೃಣಾಲಿನಿ ಹಿಂದಿಯಲ್ಲಿ ಹೇಳಿದಾಗ, ಕಂಡದ್ದನ್ನು ಬಿಡಿಸಿದೆ ಅಷ್ಟೆ ಎಂದರು ಕಾಶೀನಾಥ. ವಾಯುಸೇನೆಯಿಂದ ನಿವೃತ್ತರಾದ ಮೇಲೂ ಧಾರವಾಡಕ್ಕೆ ಮರಳದೆ ನಾಗಪುರದಲ್ಲೇ ಉಳಿದವರು. ಹೊಗಳಿಸಿಕೊಂಡು ರೂಢಿಯಿರಲಿಲ್ಲ, ಕೈಯನ್ನು ಜೇಬಿಗೆ ಹಾಕುತ್ತ ತೆಗೆಯುತ್ತ ನಿಂತಿದ್ದರು.

ಅವರ ಹೆಂಡತಿ ಜಯಾ ಚಿತ್ರದ ಎಡಬದಿಯನ್ನೇ ನೋಡುತ್ತಿದ್ದಳು. ಗಂಡ ಫುಟ್‌ಪಾತಿನ ಮೇಲೆ ಸ್ಟೂಲು ಹಾಕಿಕೊಂಡು ಬಿಡಿಸುತ್ತಿದ್ದ ಸಂಜೆಗಳಲ್ಲಿ ಅವಳು ಚಹಾ ಒಯ್ದು ಕೊಟ್ಟಿದ್ದಳು. ಎಡಕ್ಕೆ, ತುಸು ಮುಂದೆ, ಹೂವಿನ ಮುದುಕಿ ಕೂರುತ್ತಿದ್ದಳು. ಚೆಂಡುಹೂವಿನ ರಾಶಿ, ಮೇಲೊಂದು ತೂಗುಬಲ್ಬು. ಚಿತ್ರದಲ್ಲಿ ಅಲ್ಲಿ ಬರೀ ಕಂದು. ಬೇಕೆಂದೇ ಬಿಟ್ಟಿರಬಹುದು ಅಂದುಕೊಂಡಳು. ಆದರೆ ಮನಸ್ಸು ನಿಲ್ಲಲಿಲ್ಲ. ಹೋದ ವಾರ ಎಡಗಡೆಯಿಂದ ಬಂದ ಕೈಗಾಡಿಗೆ ಇವರ ಸ್ಕೂಟರು ಇನ್ನೇನು ಬಡಿಯುವುದರಲ್ಲಿತ್ತು. ಗಾಡಿಯವನನ್ನು ಬೈದಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿದರೆ ಚೌಕಟ್ಟಿಗೂ ಬೈಗುಳ.

ಮನೆಗೆ ಹೊರಟಾಗ, ಗಂಡ ಚಿತ್ರ ಬಿಡಿಸಿದ್ದ ಅದೇ ಜಾಗದಲ್ಲಿ ಸ್ಕೂಟರು ನಿಲ್ಲಿಸಲು ಹೇಳಿದಳು. ಮುದುಕಿ ಇವರನ್ನು ಗುರುತಿಸಿ, ಚಿತ್ರ ಮುಗಿಯಿತೇ ಎಂದು ಕೇಳಿದಳು. ಜಯಾ ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದಳು. ಮುದುಕಿ ತನ್ನನ್ನು ತಾನು ಹುಡುಕಿ ಹುಡುಕಿ ನಕ್ಕು, "ಕಾಕಾ, ಮೀ ಕುಠೆ ಆಹೆ?" ಎಂದಳು. ನಾನೆಲ್ಲಿ ಎಂಬ ಆ ದನಿ ಬಂದ ಕಡೆ ಕಾಶೀನಾಥ ಇಡೀ ಕತ್ತು ತಿರುಗಿಸಬೇಕಾಯಿತು.

"ಈಕಿ ಹೊಸದಾಗಿ ಬಂದು ಕುಂತಿರಬೇಕು," ಎಂದರು.

"ಮಗಳ ಲಗ್ನದ ಹೂವು ಈಕಿ ಕಡೆನ ತಂದಿದ್ವಿ," ಎಂದಳು ಜಯಾ. "ಈಗ ಕತ್ತು ಹೊರಳಸಬ್ಯಾಡ್ರಿ. ನೆಟ್ಟಗ ನೋಡ್ರಿ. ಆಕಿ ಕಾಣ್ತಾಳೇನು?"

ಅವರು ಎದುರಿನ ಅಂಗಡಿಯತ್ತ ನೋಡುತ್ತ ನಿಂತರು. ಆಮೇಲೆ ಧೂಳು, ಹೊಗೆ, ಈ ಊರಿನ ಗಾಳಿ ಎಂದೆಲ್ಲ ಗೊಣಗಿದರು. ದೀಪಗಳ ಸುತ್ತಲಿನ ಬಣ್ಣದ ಬಳೆ ಅವಳಿಗೂ ಕಾಣುತ್ತದಲ್ಲ ಎಂದು ಕೇಳಿದರು.

"ನನಗ ಬರೇ ದೀಪ ಕಾಣ್ತೈತ್ರಿ."

ಕಾಶೀನಾಥ ಸಿಟ್ಟಿನಿಂದ ಸ್ಕೂಟರು ಚಾಲೂ ಮಾಡಿ, ಹತ್ತು ಎಂದರು. ಜಯಾ ಕದಲಲಿಲ್ಲ. "ನಾ ಹತ್ತಂಗಿಲ್ಲ. ನಾಳಿಂದ ಖುಷಿನ್ನೂ ಹಿಂದ ಕೂಡಸಬ್ಯಾಡ್ರಿ."

ಮೊಮ್ಮಗಳ ಹೆಸರು ಕೇಳಿದ್ದೇ ಅವರ ಮುಖ ಬದಲಾಯಿತು. ದಿನಾ ಸಂಜೆ ಅವಳನ್ನು ಹಾಡಿನ ಕ್ಲಾಸಿಗೆ ಬಿಟ್ಟು ಕರೆತರುವುದು ಅವರೇ. ಆಕ್ಸಿಲರೇಟರ್ ತಿರುವಿ ಒಬ್ಬರೇ ಹೊರಟುಬಿಟ್ಟರು. ಬಸ್ಸಿನ ಹಾರ್ನು, ಆಟೋದವನ ಬೈಗುಳ. ಜಯಾ ಸೆರಗು ಸಿಕ್ಕಿಸಿಕೊಂಡು ಜನರ ನಡುವೆ ಓಡಿದಳು.

ದೂರವೇನೂ ಹೋಗಿರಲಿಲ್ಲ. ಡಿವೈಡರಿನ ಪಕ್ಕ ಇಂಜಿನ್ ಆರಿಸಿ, ಎರಡೂ ಕಾಲು ನೆಲಕ್ಕೆ ಊರಿ ಕೂತಿದ್ದರು. ಎರಡೂ ಬದಿಯಿಂದ ಗಾಡಿಗಳು ಹಾಯ್ದುಹೋಗುತ್ತಿದ್ದವು.

"ಮುಂದ ಹೋಗಾಕ ಧೈರ್ಯ ಆಗಲಿಲ್ಲ," ಎಂದರು.

ಇಬ್ಬರೂ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಪರಿಚಯದ ಅಂಗಡಿಯ ಮುಂದೆ ನಿಲ್ಲಿಸಿದರು. ಮರುದಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣೊಳಗಿನ ಒತ್ತಡ ಏರಿ, ನೋಟವನ್ನು ಅಂಚುಗಳಿಂದ ತಿನ್ನುತ್ತ ಬಂದಿದೆ. ಹೋದದ್ದು ಬಾರದು, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು. ಗಾಡಿ ಮಾತ್ರ ಬಿಡಲೇಬೇಕು.

ಹೊರಗೆ ಬೆಂಚಿನ ಮೇಲೆ ಜಯಾ, ದೀಪಕ್ಕೆ ಬಳೆ ಕಾಣತೊಡಗಿದಾಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಕಾಶೀನಾಥ ಔಷಧಿಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಚಂದ ಕಾಣ್ತಿದ್ವು," ಎಂದರು.

ಮೆಟ್ರೋದಲ್ಲಿ ಮನೆಗೆ ಹೊರಟರು. ಬೋಗಿ ಊರಿನ ಮೇಲೆ ಸಾಗುವಾಗ ಕಾಶೀನಾಥ ಕಿಟಕಿಯತ್ತ ತಿರುಗಿ, ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಕತ್ತು ಹೊರಳಿಸುತ್ತ ಕೂತರು; ಮತ್ತೆ ಅಲ್ಲಿಂದ ಇಲ್ಲಿಗೆ. ಎದುರಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಕೂಸು ಅದನ್ನು ಆಟವೆಂದುಕೊಂಡಿತು. ಅವರು ಎಡಕ್ಕೆ ಹೊರಳಿದರೆ ತಾನೂ ಹೊರಳಿತು, ಬಲಕ್ಕೆ ಹೊರಳಿದರೆ ಬಲಕ್ಕೆ.