ಬೀದಿಗೆ ಮುಖ ಮಾಡಿದ ಪೆಟ್ಟಿಗೆಗಳು

ಬಾರಾಂಕಿಯಾ ಎಂಬ ಬಂದರು ಪಟ್ಟಣದ ನಮ್ಮ ರೆಬೋಲೊ ಕೇರಿಯಲ್ಲಿ ಸ್ಪೀಕರ್ ಇಡುವುದು ಕೇಳುವುದಕ್ಕಲ್ಲ, ಕೇಳಿಸುವುದಕ್ಕೆ. ಮುಂದಿನ ಕೋಣೆಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟು, ಬಾಗಿಲು ಹಾರುಹೊಡೆದರೆ ಶನಿವಾರ ಶುರು. ಆ ಪೆಟ್ಟಿಗೆಗಳ ಹಿಂದೆ, ಮನೆಯೊಳಗಿದ್ದವರ ಪಾಲಿಗೆ ಡೋಲಿನ ಗುಂಯ್‌ಗುಂಯ್ ಮಾತ್ರ, ಮಾತು ತಿಳಿಯದು. ಸ್ಪೀಕರ್ ಕೂರಿಸುವುದೇ ಕಸುಬಾದ ನನಗೂ ಇದು ತಪ್ಪೆನಿಸಿರಲಿಲ್ಲ.

ನಮ್ಮ ಕೇರಿಯ ನುಬಿಯಕ್ಕನ ಗಂಡ ಎಬೆರ್ತೊ ಹಾಡುಗಾರ. ಸಾಯುವ ಮೊದಲು ಒಂದೇ ಒಂದು ರೆಕಾರ್ಡ್ ಮಾಡಿದ. ಅದರ ನಡುವೆ ತಾಳ ತಟ್ಟನೆ ನಿಲ್ಲುತ್ತದೆ, ಅವನು ಒಂದು ಹೆಸರು ಕೂಗುತ್ತಾನೆ. ಅದು ತನ್ನ ಹೆಸರೆಂದು ಅಕ್ಕ ನಂಬಿದ್ದಳು. ಅವನು ಹೋದ ಮೇಲೆ ಇಪ್ಪತ್ತು ವರ್ಷ, ಪ್ರತಿ ಶನಿವಾರ ಆ ಹಾಡು ಹಾಕಿಸಿ, ಹಿಂದಿನ ಅಡುಗೆಮನೆಯಲ್ಲಿ ಬೀದಿಗೆಲ್ಲ ಮರಗೆಣಸಿನ ಕಡುಬು ಕರಿಯುತ್ತಿದ್ದಳು. ತಾಳ ನಿಂತಾಗ ನಾವೆಲ್ಲ ಒಂದೇ ಕೊರಳಲ್ಲಿ "ನುಬಿಯಾ!" ಎನ್ನುತ್ತಿದ್ದೆವು.

ಅವನು ಕೂಗಿದ್ದು "ರುಬಿಯಾ" ಎಂದು. ಹಾಗೆಂದರೆ ಹೊಂಗೂದಲಿನವಳು; ಬಂದರಿನ ಬಳಿ ಅವನು ಇಟ್ಟುಕೊಂಡಿದ್ದವಳು. ಬೀದಿಗೆ ಅದು ನೀಟಾಗಿ ಕೇಳುತ್ತಿತ್ತು. ಮುಚ್ಚಿಹಾಕಲೆಂದೇ ನಾವು ಗಂಟಲು ಹರಿದುಕೊಳ್ಳುತ್ತಿದ್ದೆವು.

ಈ ವರ್ಷ ಸಕ್ಕರೆ ಕಾಯಿಲೆಗೆ ಅಕ್ಕನ ಬಲಗಾಲು ಹೋಯಿತು. ನನ್ನನ್ನು ಕರೆಸಿದಳು.

"ವಿಲ್ಫ್ರಿದೊ, ಆ ಪೆಟ್ಟಿಗೆಗಳನ್ನ ಒಳಕ್ಕೆ ತಿರುಗಿಸೋ. ಕಾಲಂತೂ ಹೋಯ್ತು, ಕಿವಿ ಇನ್ನೂ ಇದೆ. ಅವನು ನನ್ನ ಕರೆಯೋದನ್ನ ಒಂದ್ಸಲ ಎದುರಿಗೆ ಕೂತು ಕೇಳ್ಬೇಕು."

"ಬೇಡಕ್ಕ, ಬೀದಿ ಬಿಕೋ ಅನ್ನುತ್ತೆ."

"ಬೀದಿ ಇಪ್ಪತ್ತು ವರ್ಷ ಕೇಳಿದೆ. ಈಗ ನನ್ನ ಸರದಿ."

ಬೇಕೆಂದೇ ಎರಡನ್ನೂ ಮೂಲೆಗೆ ಒತ್ತಿ ಇಟ್ಟೆ. ಮೂಲೆಯಲ್ಲಿ ಡೋಲಿನ ಸದ್ದು ಉಬ್ಬಿ ಮಾತನ್ನು ನುಂಗುತ್ತದೆ. ಹಾಗೇ ಆಯಿತು.

"ಥೂ! ಕೊಡದೊಳಗೆ ಕೂತು ಹಾಡ್ದಂಗಿದೆ. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಸರಿ ಮಾಡಿರೋನು. ನೀನು ಕಸುಬು ಕಲ್ತಿದ್ದು ಕತ್ತೆ ಹತ್ರಾನಾ?"

ಅಪ್ಪನ ಹೆಸರೆತ್ತಿದ್ದೇ ತಡ, ನನ್ನ ಬುದ್ಧಿ ಮಣ್ಣು ತಿನ್ನಲು ಹೋಯಿತು. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡು ಮೊಳ ಮುಂದಕ್ಕೆ ತಂದೆ. ಅವೆರಡರ ನಡುವೆ ಎಷ್ಟು ದೂರವೋ, ಅವಳ ಕುರ್ಚಿಗೂ ಅಷ್ಟೇ ದೂರ; ಹಗ್ಗ ಹಿಡಿದು ಅಳೆದೆ. ಬಿಯರ್ ಕ್ರೇಟಿನ ಮೇಲೇರಿಸಿ ಅವಳ ಕಿವಿಯ ಎತ್ತರಕ್ಕೆ ತಂದು, ಮುಖ ಕೊಂಚ ಅವಳತ್ತ ತಿರುಗಿಸಿ, ಸೂಜಿ ಇಟ್ಟೆ. ಎಬೆರ್ತೊ ಎರಡರ ನಟ್ಟನಡುವೆ ಬಂದು ನಿಂತ. ಅವನು ಉಸಿರೆಳೆದದ್ದೂ ಕೇಳಿಸಿತು. ಪಾಪಿ ನಾನು, ಹೆಮ್ಮೆಪಟ್ಟೆ.

ತಾಳ ನಿಂತಿತು.

"ರುಬಿಯಾ!"

ಹಾಡು ಮುಗಿದು ಸೂಜಿ ಗರಗರ ಎಂದಿತು. ಆಮೇಲೆ ಅಕ್ಕ ನನ್ನ ಮುಖ ನೋಡಿದಳು.

"ನಿಮಗೆಲ್ಲ ಗೊತ್ತಿತ್ತು."

ನಾನು ಸೂಜಿ ಎತ್ತಿಟ್ಟೆ.

"ನನ್ನ ಕಡುಬು ತಿಂತಾ ಕೂಗ್ತಿದ್ರಿ."

"ನಿಂಗೆ ನೋವಾಗ್ಬಾರ್ದು ಅಂತ, ಅಕ್ಕ."

"ವಾಪಸ್ ತಿರುಗ್ಸು. ಬೀದಿ ಕಡೆ."

ತಿರುಗಿಸಿದೆ. ಹಗ್ಗ ಸುತ್ತಿಕೊಂಡು, ಅವಳ ಮುಖ ನೋಡದೆ ಹೊರಟೆ.

ಮುಂದಿನ ಶನಿವಾರ ಕಡುಬಿರಲಿಲ್ಲ. ಆದರೂ ಏನೂ ಆಗಿಲ್ಲವೆಂಬಂತೆ ನಾವೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಹಾಡು ಬಂತು, ತಾಳ ನಿಂತಿತು. ನಾವು ಬಾಯಿ ತೆರೆಯುವ ಮೊದಲೇ ಪೆಟ್ಟಿಗೆಗಳ ಹಿಂದಿನಿಂದ ಅಕ್ಕ ಕೂಗಿದಳು: "ರುಬಿಯಾ!"

ಒಳಗೆ ಅವಳು ಸೂಜಿ ಎತ್ತಿ, ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು.