ಅಕ್ಕನ ತೋಳಿಗೊಂದು ಮತ

ಇಸ್ತ್ರಿಯ ಹಬೆ ಕನ್ನಡಕಕ್ಕೆ ಬಡಿದು ಫೋನಿನ ಅಕ್ಷರಗಳೆಲ್ಲ ಮಸುಕು, ಒರೆಸಿಕೊಂಡು ಮತ್ತೆ ಓದುತ್ತೇನೆ, ಪ್ರಚಾರ ಮಾಡಿ ಕರೆತಂದ ಮತಗಳನ್ನು ಎಣಿಸುವುದಿಲ್ಲ — ಬರೆದವನು ನಮ್ಮ ಆನ್‌ಲೈನ್ ದರ್ಜಿಗಳ ಗುಂಪಿನ ಮೇಲ್ವಿಚಾರಕ, ಹಿಂದಿನಿಂದ ನಾವು ಅವನನ್ನು ಟೇಪು ಅನ್ನುತ್ತೇವೆ, ಎಲ್ಲದಕ್ಕೂ ಅಳತೆ ಹಿಡಿಯುತ್ತಾನೆ — ಪ್ರಚಾರವಂತೆ! ನಾನೇನು ಮೈಕು ಕಟ್ಟಿಕೊಂಡು ಬೀದಿ ಸುತ್ತಿದೆನೆ, ಮೂವತ್ತೊಂದು ಜನಕ್ಕೆ ಸಂದೇಶ ಕಳಿಸಿದೆ, ಅಕ್ಕ ಬರೆದ ಅಂಗಿ ತೋಳಿನ ನಕ್ಷೆಯನ್ನು ಗುಂಪಿನ ಸಂಗ್ರಹದಿಂದ ತೆಗೀಬೇಕಾ ಅಂತ ಇವತ್ತು ಸಂಜೆ ಐದರವರೆಗೆ ಮತ, ಬಂದು ಉಳಿಸಿಕೊಡಿ ಅಂತ, ಅಷ್ಟೇ. ದೂರು ಕೊಟ್ಟವರು ನಮಗಿಬ್ಬರಿಗೂ ಕತ್ತರಿ ಹಿಡಿಯಲು ಕಲಿಸಿದ ಮಾಸ್ಟರು, ಭುಜದಿಂದ ಕೆಳಕ್ಕೆ ಬರೆಯೋದು ಬಿಟ್ಟು ತೋಳನ್ನ ಯಾರಾದ್ರೂ ಮಣಿಕಟ್ಟಿನಿಂದ ಮೇಲಕ್ಕೆ ಬರೀತಾರೇನ್ರೀ ಅಂತ ಅವರ ತಕರಾರು — ಬರೆಯುತ್ತಾರೆ, ನಮ್ಮಕ್ಕ ಬರೆದಳು, ಒಂದು ಭುಜ ಇಳಿದವರಿಗೆ, ಕೈ ಸೊಟ್ಟಗಿದ್ದವರಿಗೆ, ಹಾಗೇ ಕೈ ಸೊಟ್ಟಗಿದ್ದ ಅಂಚೆಯವನೊಬ್ಬ ಆ ಅಂಗಿ ತೊಟ್ಟು ಕನ್ನಡಿ ಮುಂದೆ ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ, ಎಲ್ಲೂ ಬಿಗಿ ಹಿಡೀತಿಲ್ಲ ಕಣಮ್ಮಾ ಅಂದ, ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಈಗ ಅವಳ ಕೈ ನಡುಗುತ್ತದೆ, ಕತ್ತರಿ ಹಿಡಿದರೆ ಬಟ್ಟೆ ಹಾಳು, ಗುಂಡಿಗೆ ಕಾಜ ಹಾಕುವುದನ್ನೂ ಬಿಟ್ಟಳು, ಅವಳ ಹೆಸರಿನಲ್ಲಿ ಉಳಿದಿರುವುದು ಆ ನಕ್ಷೆ ಒಂದೇ, ಅದೂ ಹೋಗಲಿ ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೆ? ಕೂರುವುದಿಲ್ಲ. ದಿನಾ ಗುಂಪಿನಲ್ಲೇ ಬಿದ್ದಿರುವ ಹನ್ನೆರಡು ಜನ ಕೈ ಎತ್ತಿದರೆ ನ್ಯಾಯ, ಮಷೀನು ತುಳಿಯುತ್ತಾ ಫೋನು ನೋಡಲೂ ಪುರುಸೊತ್ತಿಲ್ಲದವರನ್ನು ನಾನು ಕರೆದರೆ ಅನ್ಯಾಯ, ಯಾವ ಊರಿನ ನ್ಯಾಯ ಕಣಯ್ಯಾ ಇದು, ಟೇಪಿಗೆ ಹೀಗೇ ಬರೆದುಬಿಡುತ್ತೇನೆ, ಅಷ್ಟರಲ್ಲಿ ಪಕ್ಕದ ಸ್ಟೂಲಿನಿಂದ ಅಕ್ಕ, ಯಾರ್ಯಾರನ್ನ ಕರೆದ್ಯೇ? ನಿನ್ನ ತೋಳು ಹೊಲಿದು ಚೆನ್ನಾಗಿದೆ ಅಂದವರನ್ನ. ಬೇಡ ಅನ್ನೋರನ್ನ? ಅವರನ್ಯಾಕಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ. ಅಂದ್ರೆ ಹೆದರಿದೆ ಅನ್ನು, ನನ್ನ ತೋಳಿನ ಮೇಲೆ ನಿಂಗೇ ಅನುಮಾನ. ಥೂ, ಎಲ್ಲಿಗೆ ಚುಚ್ಚಬೇಕು ಅಂತ ಇವಳಿಗೆ ಚಿಕ್ಕಂದಿನಿಂದಲೂ ಗೊತ್ತು, ಕಿವಿ ಬಿಸಿಯಾಗುತ್ತಿದೆ, ನಿಜ, ಒಪ್ಪುವವರನ್ನೇ ಹೆಕ್ಕಿ ಹೆಕ್ಕಿ ಬರೆದೆ, ಕೇಳಿದ್ದರಲ್ಲಿ ತಪ್ಪೇನಿಲ್ಲ, ಈಗಲೂ ಹೇಳುತ್ತೇನೆ, ಆದರೆ ಹಾಗೆ ಹೆಕ್ಕಬಾರದಿತ್ತು.

ಸರಿ ಹಾಗಾದರೆ, ಎಲ್ಲರಿಗೂ ಕಾಣುವಂತೆ ಗುಂಪಿನಲ್ಲೇ ಬರೆಯುತ್ತೇನೆ, ಹೌದು ಕಣ್ರೀ, ನಾನೇ ಕರೆದದ್ದು, ಕೆಳಗೆ ಹೆಸರು ಹಾಕಿದೀನಿ, ಇವರೇ ಆ ಮೂವತ್ತೊಂದು ಜನ, ಈಗ ನಿಮ್ಮನ್ನೂ ಕರೀತಿದೀನಿ, ಬೇಡ ಅನ್ನೋರೂ ಬನ್ನಿ, ಬೇಕಾದ್ರೆ ಆಮೇಲೆ ನನ್ನನ್ನ ಆಚೆ ಹಾಕಿ — ಕಳಿಸಿಯಾಯಿತು. ಮಾಸ್ಟರಿಗೆ ಬೇರೆಯಾಗಿ, ಬೇಡ ಅಂತಲೇ ಹಾಕಿ ಮಾಸ್ಟ್ರೇ, ಆದ್ರೆ ಒಂದೇ ಒಂದು ಸಲ ಹೊಲಿದು ನೋಡಿದೀರಾ? ನಾಲ್ಕೂ ಐವತ್ತು. ಅವರ ಹೆಸರಿನ ಕೆಳಗೆ ಮೂರು ಚುಕ್ಕಿ ಕುಣಿಯುತ್ತವೆ, ಬರೆಯುತ್ತಿದ್ದಾರೆ, ನಿಂತವು, ಅಳಿಸಿದರೇನೋ, ಮತ್ತೆ ಮೂರು ಚುಕ್ಕಿ, ಏನಂತಾರೇ, ತಾಳಕ್ಕಾ, ಬೈದರೆ ಬೈಯಲಿ, ಗುಂಪು ಬಿಡಿಸಿದರೆ ಬಿಡಿಸಲಿ, ಅವಳ ನಕ್ಷೆಯನ್ನು ಗೋಡೆಗೋಡೆಗೆ ಅಂಟಿಸುತ್ತೇನೆ — ಬಂತು, ಒಂದೇ ಮಾತು, ಇಲ್ಲ. ಹೊಲಿದೇ ನೋಡಿಲ್ಲ! ಅಕ್ಕ ಎದ್ದು ಬಂದು ನನ್ನ ಭುಜ ಹಿಡಿಯುತ್ತಾಳೆ, ಅವಳ ನಡುಕ ನನ್ನ ಮೈಗೆಲ್ಲ, ಆ ‘ಇಲ್ಲ’ ಅನ್ನುವ ಮಾತಿನ ಕೆಳಗೆ ಮಾಸ್ಟರು ಮತ್ತೇನೋ ಬರೆಯುತ್ತಿದ್ದಾರೆ, ನಾಲ್ಕೂ ಐವತ್ತೆಂಟು, ಮತ ಮುಗಿಯಲು ಎರಡೇ ನಿಮಿಷ, ಮೂರು ಚುಕ್ಕಿ, ನಿಂತವು, ಮೂರು ಚುಕ್ಕಿ —