ಒಂದು ತೋಳು ಬಾಕಿ

ಬೇರೆ ಗಂಡಂದಿರು ಹೆಂಡತಿಗೆ ಹೂವು ತಂದರೆ ಇವನು ಈರುಳ್ಳಿ ಸಿಪ್ಪೆ ತರುತ್ತಿದ್ದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನಿಗೆ ಸಿಪ್ಪೆಗೇನು ಬರ? ಸಂಜೆ ಚೀಲ ತುಂಬಿಕೊಂಡು ಬಂದು, ಬಾಗಿಲಲ್ಲೇ ನಿಂತು, “ತಗೋ, ನಿನ್ನ ಬಂಗಾರ” ಅನ್ನುವನು. ಅವಳು ನಿಜವಾಗಿಯೂ ಬಂಗಾರ ಸಿಕ್ಕವಳಂತೆ ಚೀಲದೊಳಗೆ ಕೈಯಾಡಿಸುವಳು. ಸಿಪ್ಪೆಯನ್ನು ಕುದಿಸಿ ಸೋಸಿ, ಪಟಿಕದ ನೀರಿನಲ್ಲಿ ನೆನೆಸಿಟ್ಟ ಬಿಳಿ ಉಣ್ಣೆ ದಾರವನ್ನು ಅದರಲ್ಲಿ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುವಳು. ಆಮೇಲೆ ಒಲೆ ಆರಿಸಿ ಪಾತ್ರೆ ಮುಚ್ಚಿದಳೆಂದರೆ ಮುಗಿಯಿತು, ಬೆಳಗಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಆ ಮನೆಯಲ್ಲಿ ಗಂಡ ಹೆಂಡಿರ ಜಗಳವೆಂದರೆ ಬಹುಪಾಲು ಆ ಪಾತ್ರೆಯದೇ.

“ಇಳಿಸೇ ಅದನ್ನ, ಹಾಲು ಕಾಯಿಸ್ಬೇಕು.”

“ಅದರ ಪಾಡಿಗೆ ಅದು ತಣ್ಣಗಾಗ್ಲಿ. ನಿಮ್ಮಪ್ಪನ ಗಂಟೇನು ಹೋಗುತ್ತೆ?”

ಯಾಕೆ ತಣ್ಣಗಾಗಬೇಕು ಎಂದು ಇವನು ಒಂದು ಸಲವೂ ಕೇಳಲಿಲ್ಲ. ಬರೀ ಸೋಮಾರಿತನ ಅಂದುಕೊಂಡಿದ್ದ.

ಕೊನೆಯ ಸ್ವೆಟರನ್ನು ಅವಳು ಇವನಿಗೆಂದೇ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಹೆಣೆದಳು. ಎದೆ, ಬೆನ್ನು, ಎಡತೋಳು ಮುಗಿದಿದ್ದವು. ಬಲತೋಳು ಹಾಗೇ ಬಾಕಿ ಉಳಿಯಿತು, ಅವಳು ಹೊರಟುಹೋದಳು. ಎಡ ಕಂಕುಳಿನ ಹತ್ತಿರ ಒಂದು ಕುಣಿಕೆ ತಪ್ಪಿ ತಿರುಚಿಕೊಂಡಿತ್ತು. ಅದು ಜ್ವರ ಏರಿ ಕೈ ನಡುಗಿದ ದಿನದ್ದು. ಬಿಚ್ಚಿ ಮತ್ತೆ ಹೆಣೆಯುತ್ತೇನೆಂದು ಅವಳು ಹಟ ಹಿಡಿದಾಗ ಇವನು, “ಬಿಡೇ, ನನ್ನ ಕಂಕುಳನ್ನ ಯಾರು ಇಣುಕಿ ನೋಡ್ತಾರೆ?” ಎಂದಿದ್ದ. ಅವಳು ಕೆಮ್ಮು ಬರುವವರೆಗೂ ನಕ್ಕಿದ್ದಳು. ಈಗ ದಿನಾ ಮಲಗುವ ಮುಂಚೆ ಇವನ ಹೆಬ್ಬೆರಳು ಆ ತಪ್ಪು ಕುಣಿಕೆಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದು ಸಿಕ್ಕಿದರೇನೇ ಇವನಿಗೆ ನಿದ್ದೆ.

ಅವಳ ತಾಯಿ ಇವರ ಜೊತೆಗೇ ಇದ್ದವರು. ಮಗಳಿಗೆ ಹೆಣಿಗೆ ಕಲಿಸಿದ್ದು ಅದೇ ಕೈ. ಮಗಳು ಹೋದ ಮೇಲೆ ಅವರು ಕಡ್ಡಿ ಮುಟ್ಟಿರಲಿಲ್ಲ. ಬಲತೋಳನ್ನು ಹೆಣೆದುಕೊಡಿ ಎಂದು ಇವನು ಅಂಗಲಾಚಿದಾಗ, “ಉಳಿದಿರೋದೆಲ್ಲ ಬಿಳೀ ದಾರ. ಅದೇ ಬಣ್ಣ ಬಂದ್ರೆ ಹೆಣೀತೀನಿ. ತೋಳಿಗೊಂದು ಬಣ್ಣ ಹಾಕ್ಕೊಂಡು ಬೀದೀಲಿ ಓಡಾಡಿ ನನ್ನ ಮಗಳ ಹೆಸರು ಕೆಡಿಸ್ಬೇಡಿ” ಎಂದರು.

ಅಂದಿನಿಂದ ಇವನು ಒಲೆ ಬಿಟ್ಟು ಏಳಲಿಲ್ಲ. ಒಂದು ಸಲ ದಾರ ನಿಂಬೆಹಣ್ಣಿನ ಬಣ್ಣಕ್ಕೆ ಬಂತು, ಇನ್ನೊಂದು ಸಲ ಕೆಸರಿನ ಬಣ್ಣಕ್ಕೆ. ಪ್ರತಿ ಸಲವೂ ಸ್ವೆಟರಿನ ಪಕ್ಕದಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವನು. ಅತ್ತೆ ಕತ್ತು ಅಲ್ಲಾಡಿಸುವರು.

“ಇದಿನ್ನೂ ಬೆಂದಿಲ್ಲ, ಅಳಿಯಂದ್ರೇ.”

“ಇದು ತಳ ಹಿಡಿದಿದೆ, ಅಳಿಯಂದ್ರೇ.”

ತಮಾಷೆ ಮಾಡುವಾಗಲೂ ಅವರ ದನಿ ಒದ್ದೆಯಾಗಿರುತ್ತಿತ್ತು. ಬಿಳೀ ದಾರ ಕರಗುತ್ತಾ ಬಂದು ಕೊನೆಗೆ ಒಂದು ತೋಳಿಗೆ ಸಾಲುವಷ್ಟೇ ಉಳಿಯಿತು.

ಆಗ ಇವನಿಗೊಂದು ಉಪಾಯ ಹೊಳೆಯಿತು. ದಾರವನ್ನು ಸ್ವೆಟರಿನ ಬಣ್ಣಕ್ಕೆ ತರುವ ಪಾಡೇ ಬೇಡ, ಸ್ವೆಟರನ್ನೂ ದಾರದ ಜೊತೆ ಅದೇ ಪಾತ್ರೆಗೆ ಹಾಕಿಬಿಟ್ಟರಾಯಿತು. ಎರಡೂ ಒಂದೇ ನೀರು ಕುಡಿದರೆ ಬಣ್ಣ ಒಂದಾಗಲೇಬೇಕಲ್ಲ! ರಜೆಯ ದಿನ ಮಧ್ಯಾಹ್ನ ಅತ್ತೆ ಒಂದು ನಿದ್ದೆ ತೆಗೆಯಲು ಹೋದದ್ದೇ ತಡ, ಇವನು ದೊಡ್ಡ ಪಾತ್ರೆ ಇಟ್ಟ. ಎದ್ದು ಬರುವಷ್ಟರಲ್ಲಿ ತೋರಿಸಿ ಬೆರಗುಗೊಳಿಸಬೇಕೆಂಬ ಆಸೆ.

ಮತ್ತು ಬಣ್ಣ ಬಂತು. ಸೌಟಿನಿಂದ ಎತ್ತಿ ನೋಡಿದರೆ ಎಡತೋಳೂ ದಾರದ ಲಡಿಯೂ ಒಂದೇ, ಹಳೆಯ ಜೇನಿನ ಬಣ್ಣ. ಇನ್ನೊಂದು ಕ್ಷಣ ಬಿಟ್ಟರೆ ಎಲ್ಲಿ ಕಪ್ಪಾಗುತ್ತದೋ ಎಂಬ ಭಯ. ಕ್ಯಾಂಟೀನಿನಲ್ಲಿ ಹುರುಳಿಕಾಯಿ ಬೆಂದು ಹಸಿರು ಹದಕ್ಕೆ ಬಂದೊಡನೆ ಏನು ಮಾಡುತ್ತಾನೆ? ಎತ್ತಿ ತಣ್ಣೀರಿಗೆ ಹಾಕುತ್ತಾನೆ, ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಜೀವಮಾನವಿಡೀ ಕೈಕೊಡದ ವಿದ್ಯೆ ಅದು. ಕುದಿಬಿಸಿಯ ಉಣ್ಣೆಯನ್ನು ಇವನು ಹಾಗೇ ಎತ್ತಿ ತಣ್ಣೀರಿನ ಬಕೆಟ್ಟಿಗೆ ಮುಳುಗಿಸಿದ. ಬೆಂದ ಸೊಪ್ಪನ್ನು ಹಿಂಡುವಂತೆ ಎರಡೂ ಕೈಯಲ್ಲಿ ಹಿಂಡಿದ. ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ಮತ್ತೆ ಹಿಂಡಿದ. ಕೈಯೊಳಗೆ ಅದು ದಪ್ಪಗಾಗುತ್ತಿದ್ದದ್ದು ತಿಳಿದರೂ ಬಣ್ಣ ಚೆನ್ನಾಗಿ ಹಿಡಿಯುತ್ತಿದೆ ಅಂದುಕೊಂಡ.

ಬಿಡಿಸಿ ನೋಡಿದಾಗ ಕೈಯಲ್ಲಿದ್ದದ್ದು ಶಾಲೆಗೆ ಹೋಗುವ ಮಗುವಿನ ಅಳತೆಯ, ಕಂಬಳಿ ತುಂಡಿನಂತೆ ಬಿರುಸಾದ ಏನೋ ಒಂದು.

ನೀರಿನ ಸದ್ದಿಗೆ ಎದ್ದು ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ ಮಾಡಿಬಿಟ್ಯೋ!”

ಇಷ್ಟು ವರ್ಷದಲ್ಲಿ ಅವರು ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಬಣ್ಣ ನಿಲ್ಲಲಿ ಅಂತ, ಅತ್ತೆ... ತಣ್ಣೀರಿಗೆ...”

“ಬಿಸೀ ಉಣ್ಣೇನ ತಣ್ಣೀರಿಗೆ ಹಾಕಿ ಹಿಂಡ್ತಾರೇನೋ? ಅವಳು ರಾತ್ರಿಯೆಲ್ಲ ಪಾತ್ರೆ ಮುಚ್ಚಿಟ್ಟು ಕಾಯ್ತಿದ್ದದ್ದು ಯಾತಕ್ಕೆ ಅಂದ್ಕೊಂಡೆ? ನಿನ್ನ ಹಾಲಿಗೆ ಅಡ್ಡ ಬರೋಕಾ?”

ಇವನು ಅಲ್ಲೇ ನೆಲದ ಮೇಲೆ ಕೂತು ಸ್ವೆಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಎಡ ಕಂಕುಳಿನ ಜಾಗವನ್ನು ಹೆಬ್ಬೆರಳಿನಿಂದ ತಡವುತ್ತಿದ್ದ. ಕುಣಿಕೆಗಳೆಲ್ಲ ಒಂದಕ್ಕೊಂದು ಅಂಟಿ ಮುಚ್ಚಿಹೋಗಿದ್ದವು. ಅವಳು ಹಾಕಿದ್ದ ಒಂದು ಕುಣಿಕೆಯೂ ಬೇರೆಯಾಗಿ ಕಾಣಲಿಲ್ಲ. ಅಳತೆ ಹಾಳಾದದ್ದು ಇವನಿಗೆ ಲೆಕ್ಕಕ್ಕೇ ಇರಲಿಲ್ಲ.

“ಅತ್ತೆ, ಇಲ್ಲೊಂದು ತಪ್ಪು ಕುಣಿಕೆ ಇತ್ತು. ಜ್ವರ ಬಂದ ದಿನ ಹಾಕಿದ್ಲು. ಸ್ವಲ್ಪ ಹುಡುಕಿಕೊಡಿ, ನನ್ನ ಕೈಗೆ ಸಿಗ್ತಿಲ್ಲ.”

ಅತ್ತೆ ಒದ್ದೆ ನೆಲದ ಮೇಲೇ ಇವನ ಪಕ್ಕ ಕುಕ್ಕರಿಸಿ, ಅದನ್ನು ಮಡಿಲಿಗೆ ತೆಗೆದುಕೊಂಡು, ಕಣ್ಣು ಮುಚ್ಚಿದರು. ಕತ್ತಲಲ್ಲೂ ಹೆಣಿಗೆಯ ಲೆಕ್ಕ ತಪ್ಪದ ಬೆರಳುಗಳು ಅವು. ಕಂಕುಳಿನ ಸುತ್ತ ಒಂದೊಂದೇ ಅಂಗುಲ ತಡವಿ ನೋಡಿದರು, ತಿರುಗಿಸಿ ಒಳಮೈಯಿಂದಲೂ ತಡವಿದರು.

“ಸಿಕ್ತಾ?”

“ಇಲ್ಲಪ್ಪ,” ಎಂದರು ಅತ್ತೆ. ದಾರದ ಲಡಿಯನ್ನು ಎತ್ತಿ ಆ ತೋಳಿನ ಪಕ್ಕದಲ್ಲಿಟ್ಟರು. “ಬಣ್ಣ ಮಾತ್ರ ಕೂಡಿದೆ.”

ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ಒಲೆಯ ಮೇಲೆ ಸಿಪ್ಪೆಯ ನೀರು ಇನ್ನೂ ಹಬೆಯಾಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಇವನು ಎದ್ದು ಹೋಗಿ ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿದ. ಬೆಳಗಾಗುವವರೆಗೆ ಆ ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ.